ಜಿಗಿಯದೆ ಬರೆದ ನಲವತ್ತೆರಡು ಜಿಗಿತ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವರು. ಮುಂದಿನ ಕೌಂಟರಿನಲ್ಲಿ ಕಣ್ಣು ಪರೀಕ್ಷೆ ಮಾಡಿ ಚೀಟಿ ಬರೆಯುವುದು ನನ್ನ ಕೆಲಸ. ಆ ಚೀಟಿಯ ಪ್ರಕಾರ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವರದು. ಹತ್ತೊಂಬತ್ತು ವರ್ಷದಿಂದ ಇಬ್ಬರೂ ಒಂದೇ ಅಂಗಡಿ. ಗಿರಾಕಿ ಹೊಸ ಕನ್ನಡಕ ಹಾಕಿಕೊಂಡು ಎರಡು ಹೆಜ್ಜೆ ನಡೆದು, "ನೆಲ ಸ್ವಲ್ಪ ಓರೆ ಕಾಣ್ತಿದೆ" ಅಂದರೆ, "ಎರಡು ದಿನ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ" ಅಂತ ಸಾಗಹಾಕಲು ನೋಡುವವನು ನಾನು. ಭಾವ ಹಾಗಲ್ಲ. ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದು, ಕನ್ನಡಕ ಇಸಕೊಂಡು, ಮತ್ತೆ ಅಳೆದು, ಒಂದೇ ಡಿಗ್ರಿ ತಪ್ಪಿದ್ದರೂ ಆ ಗಾಜನ್ನು ಬುಟ್ಟಿಗೆ ಎಸೆದು ಹೊಸದು ಉಜ್ಜುವವರು. ಅಂಥವರು ಸುಳ್ಳು ಬರೆದರು ಅಂತ ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಅವರು ಬರೆಯುವಾಗ ನಾನೇ ಎದುರಿಗಿದ್ದೆ. ಪೆನ್ನು ಕೊಟ್ಟವನೂ ನಾನೇ.

ಭಾವನಿಗೆ ವಿಮಾನದಿಂದ ಜಿಗಿಯುವ ಹುಚ್ಚು ಹಿಡಿದದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ಕೆಲಸದ ನೆಪದಲ್ಲಿ. ಊರಾಚೆ ಒಂದು ಹಳೇ ವಿಮಾನಪಟ್ಟಿ ಇದೆ. ಅಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವುದನ್ನು ಕಲಿಸುವ ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದರು. ಅರವತ್ತು ದಾಟಿದ ಒಣಕಲು ಮೈ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು.

"ಹದಿಮೂರು ಸಾವಿರ ಅಡಿಯಿಂದ ಬೀಳುವಾಗಲೂ ಮೂಗಿನ ಮೇಲೆ ಕೂತಿರೋ ಕನ್ನಡಕ ಬೇಕು," ಅಂದರು. "ಈ ವರ್ಷ ಮೂರು ಕಳಕೊಂಡೆ. ಯಾರ ಹೊಲದಲ್ಲಿ ಬಿದ್ದವೋ ಏನೋ, ಅಲ್ಲಿನ ಹಸುಗಳಿಗೆ ಈಗ ಬಹಳ ಚೆನ್ನಾಗಿ ಕಾಣ್ತಿರಬೇಕು."

ಭಾವ ನಾಲ್ಕು ದಿನ ಕೂತು, ಅಂಚಿಗೆ ರಬ್ಬರು ಕೂರಿಸಿ, ಹಿಂದಿನಿಂದ ಪಟ್ಟಿ ಬಿಗಿಯುವ ಹಾಗೆ ಒಂದು ಕನ್ನಡಕ ಮಾಡಿದರು. ಅದು ನಿಲ್ಲುತ್ತದೋ ಇಲ್ಲವೋ ನೋಡಲು ಮೈದಾನಕ್ಕೆ ಹೋದರು. ಕನ್ನಡಕ ನಿಂತಿತು. ಭಾವನ ಕಾಲು ಮಾತ್ರ ಮನೆಯಲ್ಲಿ ನಿಲ್ಲಲಿಲ್ಲ. ಮೂರನೇ ವಾರಕ್ಕೆ ತಾವೇ ಜಿಗಿದು ಬಂದರು.

ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಸುದ್ದಿ ಕೇಳಿ ಮೊದಲು ನಕ್ಕಳು. "ಬಲ್ಬು ಬದಲಾಯಿಸೋಕೆ ಸ್ಟೂಲ್ ಹತ್ತು ಅಂದ್ರೆ ನನ್ನ ತಮ್ಮನ್ನ ಕರೀತೀರಿ. ನೀವು ವಿಮಾನದಿಂದ ಜಿಗಿದ್ರಾ?"

"ಸ್ಟೂಲ್ ಅಲ್ಲಾಡುತ್ತೆ ಕಣೆ. ಆಕಾಶ ಅಲ್ಲಾಡಲ್ಲ."

ಮೈದಾನಕ್ಕೆ ಕರೆದುಕೊಂಡು ಹೋಗಿ ತೋರಿಸಿದಾಗ ಅಕ್ಕ ಪ್ಯಾರಾಚೂಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು. "ಇಷ್ಟು ತೆಳು ಬಟ್ಟೇಲಿ ನಾನು ಜೇಬಿನ ಒಳಪದರಾನೂ ಹೊಲಿಯಲ್ಲ," ಅಂದಳು. ಆದರೂ ಬೇಡ ಅನ್ನಲಿಲ್ಲ. ಆ ಕತ್ತಲೆ ಕೋಣೆಯಲ್ಲಿ ಹಗಲೆಲ್ಲ ಬಗ್ಗಿ ಕೂತಿರುವ ಗಂಡ ವಾರಕ್ಕೊಮ್ಮೆ ಮುಖ ಅರಳಿಸಿಕೊಂಡು ಮನೆಗೆ ಬರುವುದು ಅವಳಿಗೂ ಇಷ್ಟವಾಗಿತ್ತು.

ಜಿಗಿಯುವವರ ಹತ್ತಿರ ಒಂದೊಂದು ಪುಸ್ತಕ ಇರುತ್ತದೆ. ಎಷ್ಟನೇ ಜಿಗಿತ, ಯಾವ ದಿನ, ಯಾವ ಮೈದಾನ, ಎಷ್ಟು ಎತ್ತರ, ಏನು ಮಾಡಿದೆ ಎಂದು ಒಂದೊಂದು ಸಾಲು ಬರೆಯಬೇಕು. ನೋಡಿದವರೊಬ್ಬರು ಪಕ್ಕದಲ್ಲಿ ಸಹಿ ಹಾಕಬೇಕು. ಮೇಷ್ಟ್ರು ಸುಮ್ಮನೆ ಸಹಿ ಗೀಚುತ್ತಿರಲಿಲ್ಲ. ಪ್ರತಿ ಸಾಲಿಗೂ ಒಂದು ಮಾತು ಸೇರಿಸುತ್ತಿದ್ದರು. "ಇಳಿಯುವ ಬದಲು ಕೂತರು." "ಇಂದು ನಿಂತರು, ಸಂತೋಷ." "ಕಾಲು ನೇರ, ತಲೆ ಎಲ್ಲೋ." ಭಾವ ಊಟದ ಹೊತ್ತಿನಲ್ಲಿ ಇವನ್ನೆಲ್ಲ ನನಗೆ ಓದಿ ಹೇಳುತ್ತಿದ್ದರು.

ಮೂರು ವರ್ಷದಲ್ಲಿ ದೇಶದೊಳಗಿನ ಮೂರು ಮೈದಾನ ನೋಡಿದರು. ನಮ್ಮೂರಾಚೆಯದು ಬರೀ ಹುಲ್ಲು, ಒಂದು ತಗಡಿನ ಶೆಡ್ಡು, ಕೆಮ್ಮುವ ಹಳೇ ವಿಮಾನ. ಕಡಲ ಪಕ್ಕದ್ದು ಇನ್ನೊಂದು. ಅಲ್ಲಿ ಮೇಲಿನಿಂದ ನೋಡಿದರೆ ನೆಲಕ್ಕಿಂತ ನೀರೇ ಹತ್ತಿರ ಕಾಣುತ್ತದಂತೆ. ಮೂರನೆಯದು ಗುಡ್ಡದ ತಲೆಯ ಮೇಲಿನ ಬಯಲು. ಮಧ್ಯಾಹ್ನವಾದರೆ ಬಿಸಿಗಾಳಿ ಎದ್ದು, ಇನ್ನೇನು ಕಾಲೂರಬೇಕು ಅನ್ನುವವರನ್ನು ಮತ್ತೆ ಎತ್ತಿಬಿಡುತ್ತದೆ. ಒಟ್ಟು ಅರವತ್ತೊಂದು ಜಿಗಿತ ಆಗಿತ್ತು.

ಆಗ ಹೊರದೇಶದ ಮಾತು ಬಂತು. ಕಡಲ ಪಕ್ಕದ ಮೈದಾನದಲ್ಲಿ ಪರಿಚಯವಾದ ಕೆಲವರು ಎರಡು ವಾರದ ಪ್ರವಾಸ ಹೊರಟಿದ್ದರು. ಅಲ್ಲಿ ಎಂಟು ಜನ ಒಟ್ಟಿಗೆ ಜಿಗಿದು, ಗಾಳಿಯಲ್ಲೇ ಒಬ್ಬರ ತೋಳು ಒಬ್ಬರು ಹಿಡಿದು ಹೂವಿನ ಹಾಗೆ ಸುತ್ತು ಕಟ್ಟುವ ಶಿಬಿರ. ಸೇರಬೇಕಾದರೆ ಕನಿಷ್ಠ ನೂರು ಜಿಗಿತ ಆಗಿರಬೇಕು. ಭಾವ ಲೆಕ್ಕ ಹಾಕಿದರು. ಇನ್ನೂ ಮೂರು ತಿಂಗಳಿದೆ, ವಾರಕ್ಕೆ ಮೂರು ನಾಲ್ಕು ಹೊಡೆದರೆ ಆಯಿತು. ಬೈಕು ಮಾರಿದರು, ರಜೆ ಬರೆದುಕೊಟ್ಟರು, ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಅಷ್ಟರಲ್ಲಿ ಮೋಡ ಮುಚ್ಚಿಕೊಂಡಿತು. ಎರಡೂವರೆ ತಿಂಗಳು ವಿಮಾನ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಭಾವ ಬೆಳಿಗ್ಗೆ ಎದ್ದು ಕಿಟಕಿಯಿಂದ ಆಕಾಶ ನೋಡುವುದು, ಬೈಯುವುದು, ಅಂಗಡಿಗೆ ಬರುವುದು. ಪುಸ್ತಕದಲ್ಲಿ ಅರವತ್ತೊಂದು ಅರವತ್ತೊಂದಾಗಿಯೇ ಇತ್ತು.

ಹೊರಡಲು ಒಂಬತ್ತು ದಿನ ಇರುವಾಗ, ಊಟವಾದ ಮೇಲೆ ಉಜ್ಜುವ ಮೆಷೀನಿನ ಪಕ್ಕ ಪುಸ್ತಕ ಬಿಚ್ಚಿ ಕೂತರು. ನಾನು ಒಳಗೆ ಹೋದಾಗ ತಲೆ ಎತ್ತಲಿಲ್ಲ.

"ನಿನ್ನ ಹತ್ತಿರ ನೀಲಿ ಪೆನ್ನು ಇದೆಯೇನೋ? ಕಪ್ಪು ಒಂದು, ನೀಲಿ ಎರಡು ಬೇಕು."

ಬಗ್ಗಿ ನೋಡಿದೆ. ಅರವತ್ತಾರು, ಅರವತ್ತೇಳು ಅಂತ ಸಾಲು ಇಳಿಯುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರ ಸಹಿ. ಗಾಜಿನ ಮೇಲೆ ಕೂದಲೆಳೆಯ ಗುರುತು ಹಾಕುವ ಕೈ ಅದು. ಮೇಷ್ಟ್ರೇ ಬಂದರೂ ತಮ್ಮದಲ್ಲ ಅನ್ನುವುದು ಕಷ್ಟವಿತ್ತು.

"ಭಾವ, ಇದೇನಿದು?"

"ಬರೀ ಅಂಕಿ ಕಣೋ. ವಾಪಸ್ ಬಂದ ಮೇಲೆ ಅಷ್ಟೂ ಜಿಗಿದು ಸರಿ ಮಾಡ್ತೀನಿ. ನನ್ನಿಂದ ಯಾರಿಗೇನು ತೊಂದ್ರೆ?"

ನಾನೇನು ಹೇಳಿದೆ? "ಮೇಷ್ಟ್ರ ಮಾತೂ ಸೇರಿಸಿ, ಇಲ್ಲಾಂದ್ರೆ ಅನುಮಾನ ಬರುತ್ತೆ" ಅಂದೆ. ತಮಾಷೆಗೆ ಅಂದೆ, ನಕ್ಕೆ ಕೂಡ. ಅವರು ನಗಲಿಲ್ಲ. ಒಂದು ಕ್ಷಣ ಯೋಚಿಸಿ, ಎಪ್ಪತ್ತನೇ ಸಾಲಿನ ಪಕ್ಕ "ಇಂದು ಚೆನ್ನಾಗಿ ನಿಂತರು" ಎಂದು ಬರೆದರು. ನಾನು ಜೇಬಿನಿಂದ ಪೆನ್ನು ತೆಗೆದುಕೊಟ್ಟು ಕೌಂಟರಿಗೆ ಹೋದೆ. ಸಂಜೆಗೆ ನೂರ ಮೂರು ಆಗಿತ್ತು.

ಮುಂದೆ ಆದದ್ದನ್ನು ಭಾವ ಬಹಳ ತಡವಾಗಿ, ತುಂಡು ತುಂಡಾಗಿ ಹೇಳಿದರು. ನಾನು ಜೋಡಿಸಿ ಹೇಳುತ್ತಿದ್ದೇನೆ.

ಹೊರದೇಶದಲ್ಲಿ ಮೊದಲ ಮೈದಾನ ಒಂದು ಸರೋವರದ ದಂಡೆಯಲ್ಲಿತ್ತು. ಅಲ್ಲಿ ಒಬ್ಬೊಬ್ಬರೇ ಜಿಗಿದದ್ದು, ನಾಲ್ಕು ಸಲ. ನಾಲ್ಕೂ ಸುಸೂತ್ರ. ನೀರಿನ ಮೇಲೆ ತಮ್ಮದೇ ಪ್ಯಾರಾಚೂಟಿನ ನೆರಳು ಓಡುವುದನ್ನು ನೋಡಿ ಭಾವನಿಗೆ ಸುಳ್ಳು ಬರೆದದ್ದೇ ಮರೆತುಹೋಯಿತಂತೆ. ಎರಡನೆಯದೇ ಶಿಬಿರದ ಮೈದಾನ. ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ನೆಲ, ಮೂರು ವಿಮಾನ, ನಮ್ಮ ಬಸ್ ನಿಲ್ದಾಣದಷ್ಟು ದೊಡ್ಡ ಶೆಡ್ಡು. ಅಲ್ಲಿನ ಸುರಕ್ಷತಾ ಅಧಿಕಾರಿ ಪುಸ್ತಕ ತಿರುವಿ, ಕೊನೆಯ ಅಂಕಿ ನೋಡಿ, ಮೇಷ್ಟ್ರ ಮಾತುಗಳು ಯಾವ ಭಾಷೆ ಅಂತ ಕೇಳಿ, ನಕ್ಕು, ಮುದ್ರೆ ಒತ್ತಿದ.

ಗುಂಪಿನಲ್ಲಿ ಒಬ್ಬರು ಹಲ್ಲಿನ ಡಾಕ್ಟರು ಇದ್ದರು. ನಮ್ಮ ಭಾಷೆಯವರೇ, ಆ ದೇಶದಲ್ಲಿ ಹದಿನೈದು ವರ್ಷದಿಂದ ನೆಲೆಸಿದವರು. ಮುನ್ನೂರಕ್ಕೂ ಹೆಚ್ಚು ಸಲ ಜಿಗಿದವರು. ಭಾವನ ಮಾತು ಕೇಳಿ ಅವರಿಗೆ ತವರಿನವರೇ ಸಿಕ್ಕಷ್ಟು ಖುಷಿಯಾಗಿತ್ತು. ಬೆಂಚಿನ ಮೇಲೆ ಪಕ್ಕ ಕೂರಿಸಿಕೊಂಡು ತಮ್ಮ ಡಬ್ಬಿಯ ಬ್ರೆಡ್ಡು, ಹಣ್ಣು ಕೊಟ್ಟರು. "ಅಣ್ಣಾ, ನೀವು ಕಣ್ಣಿನೋರು, ನಾನು ಹಲ್ಲಿನೋಳು. ಬಿದ್ರೆ ಒಬ್ಬರಿಗೊಬ್ಬರು ರಿಪೇರಿ ಮಾಡ್ಕೋಬಹುದು" ಅಂದರಂತೆ.

ಡಾಕ್ಟರು ಮತ್ತು ಇನ್ನು ಮೂವರು ಮೊದಲು ಹೊರಬಿದ್ದು ನಡುವಿನ ಸುತ್ತು ಕಟ್ಟಬೇಕು, ಉಳಿದ ನಾಲ್ವರು ಬಂದು ಸೇರಬೇಕು. ಭಾವ ಕೊನೆಯವರು. ಬಾಗಿಲಲ್ಲಿ ಒಂದು ಕ್ಷಣ ತಡವಾಯಿತು. ಹೊರಬಿದ್ದಾಗ ಗುಂಪು ಬಹಳ ಕೆಳಗೆ ಕಂಡಿತು. ಹಿಡಿಯಬೇಕೆಂದು ತಲೆ ಕೆಳಗೆ ಮಾಡಿ ಬಾಣದ ಹಾಗೆ ಇಳಿದರು. ಹತ್ತಿರ ಬರುವ ಎಷ್ಟೋ ಮೊದಲೇ ಮೈ ಅಗಲಿಸಿ ವೇಗ ಇಳಿಸಬೇಕು. ಯಾವಾಗ ಅಗಲಿಸಬೇಕು ಅನ್ನುವುದನ್ನು ಮಾತಿನಲ್ಲಿ ಕಲಿಯಲಾಗುವುದಿಲ್ಲ, ಹತ್ತಾರು ಸಲ ಜಿಗಿದು ಮೈಗೆ ಗೊತ್ತಾಗಬೇಕು. ಭಾವನ ಮೈಗೆ ಅದು ಗೊತ್ತಿರಲಿಲ್ಲ.

ಅವರ ಮೊಣಕಾಲು ಡಾಕ್ಟರ ಬಲ ಹೆಗಲಿಗೆ ಬಡಿಯಿತು. ಡಾಕ್ಟರು ಚಕ್ರದ ಹಾಗೆ ಸುತ್ತುತ್ತಾ ಗುಂಪಿನಿಂದ ಆಚೆ ಹೋದರು. ಬಲಗೈ ಬಟ್ಟೆಯಂತೆ ಹಾರಾಡುತ್ತಿತ್ತು. ಪ್ಯಾರಾಚೂಟ್ ತೆರೆಯುವ ಹಿಡಿ ಇರುವುದು ಬಲ ಸೊಂಟದ ಹಿಂದೆ. ಆ ಕೈ ಅಲ್ಲಿಗೆ ಹೋಗದು. ಡಾಕ್ಟರು ಗಾಬರಿಯಾಗಲಿಲ್ಲ. ಎದೆಯ ಮೇಲಿದ್ದ ಎರಡನೇ ಪ್ಯಾರಾಚೂಟಿನ ಹಿಡಿಯನ್ನು ಎಡಗೈಯಲ್ಲಿ ಎಳೆದರು. ಅದು ತೆರೆಯಿತು. ಆದರೆ ಒಂದೇ ಕೈಯಲ್ಲಿ ಅದನ್ನು ತಿರುಗಿಸಲಾಗದೆ, ಗಾಳಿ ಕರೆದುಕೊಂಡು ಹೋದ ಕಡೆ ಹೋಗಿ, ದೂರದ ಕೊಯ್ದ ಹೊಲದಲ್ಲಿ ಬಿದ್ದರು. ಹೆಗಲ ಕೀಲು ತಪ್ಪಿತ್ತು, ಒಳಗೆ ನರವೂ ಹರಿದಿತ್ತು. ಪಾದದ ಮೂಳೆ ಮುರಿದಿತ್ತು.

ಭಾವನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಕೊಯ್ದ ಕಡ್ಡಿಗಳ ಮೇಲೆ ಓಡಿ ಓಡಿ ಅವರು ಹೊಲ ಮುಟ್ಟಿದಾಗ ಡಾಕ್ಟರನ್ನು ಸ್ಟ್ರೆಚರಿಗೆ ಎತ್ತುತ್ತಿದ್ದರು. ಮುಖ ಸುಣ್ಣದಂತಾಗಿತ್ತು. ಭಾವನನ್ನು ನೋಡಿ ಡಾಕ್ಟರೇ ಮಾತಾಡಿದರು. "ಕ್ಷಮಿಸಿ ಅಣ್ಣಾ. ನಾನು ನನ್ನ ಜಾಗದಲ್ಲಿ ನಿಲ್ಲಲಿಲ್ಲ ಅನ್ಸುತ್ತೆ. ನಿಮ್ಮ ಕಡೆ ಜಾರಿಬಿಟ್ಟೆ. ನಿಮಗೇನೂ ಆಗ್ಲಿಲ್ವಲ್ಲ?"

"ಇಲ್ಲ," ಅಂದರು ಭಾವ. ಅಷ್ಟೇ ಅಂದರು. "ಆಗ ನೆಲ ಬಾಯಿ ಬಿಟ್ಟಿದ್ರೆ ಒಳಗೆ ಹೋಗ್ತಿದ್ದೆ ಕಣೋ. ಆದ್ರೆ ಬಾಯಿ ಬಿಡಬೇಕಾದೋನು ನಾನು. ಬಿಡಲಿಲ್ಲ," ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಎರಡು ದಿನ ಬಿಟ್ಟು ಸುರಕ್ಷತಾ ಅಧಿಕಾರಿ ಭಾವನನ್ನು ಕರೆದ. ಗಟ್ಟಿಯಾಗಿ ಬೈಯುತ್ತಾನೆ ಎಂದುಕೊಂಡು ಹೋದರೆ, ಅವನು ಕಾಫಿ ಕೊಟ್ಟು ಬೆನ್ನು ತಟ್ಟಿದ. "ನಿಮ್ಮ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಸಹಿಗಳೆಲ್ಲ ನನ್ನವೇ ಅಂದರು. ಅನುಭವ ಇರೋರಿಗೂ ಹೀಗೆ ಆಗುತ್ತೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಸಹಿಗಳೆಲ್ಲ ತಮ್ಮವೇ ಅಂದರು! ಸಹಿ ಹಾಕುವ ಮುಂಚೆ ಎರಡು ಸಲ ಪುಸ್ತಕ ಓದುವ ಮನುಷ್ಯ. ಭಾವ ಕಾಫಿ ಅಲ್ಲೇ ಬಿಟ್ಟು ಎದ್ದು ಬಂದರು.

ಊರಿಗೆ ಬಂದವರು ನಮಗೆ ಹೇಳಿದ್ದು ಇಷ್ಟೇ: "ಗುಂಪಲ್ಲಿ ಒಬ್ಬರಿಗೆ ಪೆಟ್ಟಾಯ್ತು." ಮೈದಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅಕ್ಕ ಕೇಳಿದರೆ ಸೊಂಟ ನೋವು ಅಂದರು. ಗಿರಾಕಿಗಳು, "ಹೇಗಿತ್ತು ಸಾರ್ ಹೊರದೇಶ?" ಅಂದರೆ ಮೆಷೀನು ಜೋರು ಮಾಡಿ ಕಿವುಡರಾಗುತ್ತಿದ್ದರು. ಐದು ತಿಂಗಳು ಹೀಗೇ ನಡೆಯಿತು.

ಒಂದು ದಿನ ಬೆಳಿಗ್ಗೆ ಮೇಷ್ಟ್ರು ಅಂಗಡಿಗೆ ಬಂದರು. ಕನ್ನಡಕದ ಪಟ್ಟಿ ಸಡಿಲವಾಗಿತ್ತು. "ಇದ್ದಾರಾ ಅವರು?" ಅಂದರು. ಕರೆಯೋಣ ಎಂದು ಒಳಗೆ ಹೋದೆ. ಭಾವ ಕಾಣಲಿಲ್ಲ. ನೋಡಿದರೆ ಉಜ್ಜುವ ಮೆಷೀನಿನ ಹಿಂದೆ, ಗಾಜಿನ ಪುಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದರು. ನಲವತ್ತೆರಡು ವರ್ಷದ ಮನುಷ್ಯ. ಕಣ್ಣಲ್ಲೇ ಬೇಡ, ಬೇಡ ಅಂದರು. ನಾನು ಹೊರಗೆ ಬಂದು, "ಹೊರಗಡೆ ಹೋಗಿದಾರೆ ಮೇಷ್ಟ್ರೆ" ಅಂದೆ.

ಮೇಷ್ಟ್ರು ಒಳಗಿನ ಪರದೆಯ ಕಡೆ ಒಮ್ಮೆ ನೋಡಿದರು. ಮೆಷೀನಿನ ದೀಪ ಉರಿಯುತ್ತಿತ್ತು. "ಬಂದಾಗ ಕೊಡಿ. ಅವಸರ ಇಲ್ಲ," ಎಂದು ಕನ್ನಡಕ ಕೌಂಟರಿನ ಮೇಲಿಟ್ಟು, ಕಣ್ಣು ಕಿರಿದು ಮಾಡಿಕೊಂಡು ಮೆಟ್ಟಿಲು ತಡವುತ್ತಾ ಇಳಿದು ಹೋದರು. ಅವರು ಹೋದ ಮೇಲೆ ಭಾವ ಆ ಪುಡಿಯ ಮೇಲೆ ಕೂತೇ, ಹೊರದೇಶದಲ್ಲಿ ಆದದ್ದನ್ನು ಮೊದಲ ಸಲ ಬಾಯಿಬಿಟ್ಟರು. ಆ ದಿನ ನನಗೆ ನನ್ನ ಮೇಲೇ ಅಸಹ್ಯವಾಯಿತು. ಸಂಜೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ, ಪೆನ್ನಿನ ವಿಷಯವನ್ನೂ.

ಅಕ್ಕ ನನ್ನನ್ನೇ ಮೊದಲು ಹಿಡಿದಳು. "ನೀನು ಬೇಡ ಅಂದಿದ್ರೆ ಅವರು ನಿಲ್ಲಿಸ್ತಿದ್ರು ಕಣೋ. ಅವರ ಪುಕ್ಕಲುತನ ನನಗೆ ಗೊತ್ತು." ಆಮೇಲೆ ಗಂಡನ ಎದುರು ಹೋಗಿ ನಿಂತಳು. ಕೂಗಾಡಲಿಲ್ಲ. "ಒಬ್ಬ ಹೆಣ್ಣುಮಗಳು ನಿಮ್ಮ ದೆಸೆಯಿಂದ ಕೈ ಕಳ್ಕೊಂಡು ಕೂತಿದಾಳೆ. ಒಬ್ಬ ಮುದುಕರು ನಿಮ್ಮ ದೆಸೆಯಿಂದ ಸುಳ್ಳು ಹೇಳಿದಾರೆ. ಇನ್ನೂ ಯಾರು ಬೇಕು ನಿಮಗೆ? ನಾಳೆ ಹೋಗಿ. ಇಲ್ಲಾಂದ್ರೆ ನಾನು ಹೋಗ್ತೀನಿ."

ಮರುದಿನ ರಿಪೇರಿಯಾದ ಕನ್ನಡಕ ಹಿಡಿದು ಭಾವ ಹೊರಟರು. ಒಬ್ಬರೇ ಹೋಗಲಾರೆ ಎಂದು ನನ್ನನ್ನೂ ಕರೆದರು. ಮೇಷ್ಟ್ರ ಮನೆಯಲ್ಲಿ ಎರಡು ಕುರ್ಚಿ, ಗೋಡೆಗೆ ಒರಗಿಸಿದ ಸೈಕಲ್ಲು, ಕಿಟಕಿಯಲ್ಲಿ ಒಣಹಾಕಿದ ಕಾಲುಚೀಲ. ಭಾವ ಕೂರಲಿಲ್ಲ. ಬಾಗಿಲಲ್ಲೇ ನಿಂತು ತಲೆ ತಗ್ಗಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡರು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವರ ಮುಖ ನೋಡಿದರು. "ಫೋನ್ ಬಂದಾಗ ಆಸ್ಪತ್ರೆ ಅಂದ್ರು, ನಿಮ್ಮ ಹೆಸರು ಅಂದ್ರು, ನೂರ ಮೂರರವರೆಗೂ ಸಹಿ ನಿಮ್ದೇನಾ ಅಂದ್ರು. ಪೆಟ್ಟಾಗಿರೋದು ನಿಮಗೇ ಅನ್ಕೊಂಡೆ ನಾನು. ಇಲ್ಲ ಅಂದ್ರೆ ಎಲ್ಲಿ ಚಿಕಿತ್ಸೆಗೆ ತೊಡಕಾಗುತ್ತೋ ಅಂತ ಹೌದು ಅಂದುಬಿಟ್ಟೆ. ಸಂಜೆ ಸರಿಯಾದ ಸುದ್ದಿ ಗೊತ್ತಾಯ್ತು. ಆಗಲೇ ವಾಪಸ್ ಫೋನ್ ಮಾಡ್ಬೇಕಿತ್ತು, ಮಾಡಲಿಲ್ಲ. ನನಗೂ ನಾಚಿಕೆ ಆಯ್ತು ರೀ. ಮೂವತ್ತು ವರ್ಷ ಕಲಿಸಿದೋನು, ಒಂದು ಫೋನಿಗೆ ಸುಳ್ಳುಗಾರ ಆದೆ. ಅವತ್ತು ಅಂಗಡಿಗೆ ಬಂದಿದ್ದು ಪಟ್ಟಿಗಲ್ಲ, ಇದನ್ನೇ ಮಾತಾಡೋಣ ಅಂತ."

"ನಾನು ಒಳಗೇ ಇದ್ದೆ ಮೇಷ್ಟ್ರೆ."

"ಗೊತ್ತು."

ಭಾವ ಅತ್ತರು. ನಾನು ಸೈಕಲ್ಲಿನ ಕಡೆ ನೋಡುತ್ತಾ ನಿಂತೆ.

"ನಾನು ಅವರಿಗೆ ಬರೆದು ಒಪ್ಕೋತೀನಿ. ಆದ್ರೆ ನಿಮ್ಮ ವಿಷಯ ಬರೆಯಲ್ಲ," ಅಂದರು ಭಾವ. "ನೀವೂ ಮೋಸ ಹೋದ್ರಿ ಅಂತ ಬರೀತೀನಿ."

"ಮತ್ತೆ ಸುಳ್ಳಾ?" ಮೇಷ್ಟ್ರು ಮೊದಲ ಸಲ ದನಿ ಏರಿಸಿದರು. "ಬರೆಯೋದಾದ್ರೆ ಪೂರ್ತಿ ಬರೀರಿ."

ಅಲ್ಲೇ ಕೂತು ಪೂರ್ತಿ ಬರೆದರು. ಒಂದು ಪ್ರತಿ ಆ ಮೈದಾನಕ್ಕೆ, ಒಂದು ನಮ್ಮ ದೇಶದ ಜಿಗಿಯುವವರ ಸಂಘಕ್ಕೆ, ಒಂದು ಹಲ್ಲಿನ ಡಾಕ್ಟರಿಗೆ.

ಸಂಘ ಭಾವನ ಪರವಾನಗಿಯನ್ನು ಎರಡು ವರ್ಷ ಕಿತ್ತುಕೊಂಡಿತು. ಅದು ನ್ಯಾಯವೇ. ಮೇಷ್ಟ್ರಿಗೆ ಒಂದು ವರ್ಷ ಕಲಿಸುವ ಹಾಗಿಲ್ಲ ಅಂದಿತು. ಅದನ್ನು ಕೇಳಿದ ದಿನ ಭಾವ ಅನ್ನ ಮುಟ್ಟಲಿಲ್ಲ. ಆ ವರ್ಷವಿಡೀ ಮೇಷ್ಟ್ರು ಮೈದಾನದ ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ, ಬೇರೆಯವರು ಕಲಿಸುವುದನ್ನು ನೋಡಿಕೊಂಡು ಹೋಗುತ್ತಿದ್ದರು. ಭಾವ ಬಸ್ಸಿನಿಂದ ಅದನ್ನು ಒಮ್ಮೆ ಕಂಡು, ಮುಂದಿನ ನಿಲ್ದಾಣದಲ್ಲಿ ಇಳಿದು, ಹಿಂದಕ್ಕೆ ನಡೆದು ಬಂದು ಪಕ್ಕದಲ್ಲಿ ನಿಂತರಂತೆ.

ಡಾಕ್ಟರ ಉತ್ತರ ಎರಡು ತಿಂಗಳ ನಂತರ ಬಂತು. ಭಾವನಿಗೆ ಓದುವ ಧೈರ್ಯ ಸಾಲದೆ ಅಕ್ಕನ ಕೈಗೆ ಕೊಟ್ಟರು. ಅಕ್ಕ ಗಟ್ಟಿಯಾಗಿ ಓದಿದಳು.

"ನಾಲ್ಕು ತಿಂಗಳು ನನಗೆ ಹಲ್ಲು ಕೀಳುವ ಚಿಮಟ ಹಿಡಿಯಲಾಗಲಿಲ್ಲ. ಅದನ್ನು ಸಹಿಸಿದೆ. ಆದರೆ ತಪ್ಪು ನನ್ನದೇ ಎಂದುಕೊಂಡು ಜಿಗಿಯುವುದನ್ನೇ ಬಿಟ್ಟಿದ್ದೆ. ನನ್ನಿಂದ ನಿಮ್ಮ ಜೀವ ಹೋಗುತ್ತಿತ್ತಲ್ಲ ಎಂದು ಎಷ್ಟು ಸಲ ಅತ್ತಿದ್ದೇನೋ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕ್ಷಮೆ ಕೇಳಿಸಿಕೊಂಡು ನಿಂತಿದ್ದಿರಿ. ಹೆಗಲು ವಾಸಿಯಾಗಿದೆ. ಇದನ್ನು ಕ್ಷಮಿಸಲು ನನಗೆ ಇನ್ನೂ ಆಗುತ್ತಿಲ್ಲ. ಹೇಳಿದ್ದು ಒಳ್ಳೆಯದಾಯಿತು. ಮುಂದಿನ ವಾರ ಮೈದಾನಕ್ಕೆ ಹೋಗುತ್ತಿದ್ದೇನೆ."

ಅಕ್ಕ ಕಾಗದ ಮಡಚಿ ಮೇಜಿನ ಮೇಲಿಟ್ಟಳು. ಭಾವ ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದರು. ಅವರು ಮತ್ತೆ ಬರೆಯಲಿಲ್ಲ, ಡಾಕ್ಟರೂ ಬರೆಯಲಿಲ್ಲ.

ಎರಡು ವರ್ಷ ಮುಗಿದು ಪರವಾನಗಿ ವಾಪಸ್ ಬಂದ ಮೇಲೂ ಆರು ತಿಂಗಳು ಸುಮ್ಮನಿದ್ದರು. ಆಮೇಲೆ ಮೇಷ್ಟ್ರೇ ಹೇಳಿಕಳಿಸಿದರು. ಈಗ ಅಪರೂಪಕ್ಕೆ ಜಿಗಿಯುತ್ತಾರೆ, ಕೊನೆಗೆ ನೋಡಿದಾಗ ಎಪ್ಪತ್ತೆಂಟು ಆಗಿತ್ತು. ಗುಂಪಿಗೆ ಯಾರಾದರೂ ಕರೆದರೆ, ನಡೆದದ್ದನ್ನೆಲ್ಲ ಮೊದಲೇ ಹೇಳಿಬಿಡುತ್ತಾರೆ. ಪ್ರತಿ ಸಲವೂ ಕಿವಿ ಕೆಂಪಾಗುತ್ತದೆ, ಪ್ರತಿ ಸಲವೂ ಹೇಳುತ್ತಾರೆ.

ಹೋದ ತಿಂಗಳು ನಾನೂ ಅಕ್ಕನೂ ಅವರ ಜೊತೆ ಕಡಲ ಪಕ್ಕದ ಮೈದಾನಕ್ಕೆ ಹೋಗಿದ್ದೆವು. ನಾಲ್ಕು ಜನ ಕರೆದರು. ಭಾವ ಹೇಳಿದರು. ಅವರು ಮುಖ ಮುಖ ನೋಡಿಕೊಂಡು, "ಇವತ್ತು ಬೇಡ ಬಿಡಿ ಸಾರ್, ಇನ್ನೊಂದ್ಸಲ ನೋಡೋಣ" ಎಂದು ವಿಮಾನದ ಕಡೆ ನಡೆದರು. ಭಾವ ಬೆಂಚಿನ ಮೇಲೆ ನಮ್ಮ ಪಕ್ಕ ಬಂದು ಕೂತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು.

"ಹಸಿವಾಗ್ತಿದೆಯಾ?" ಅಂದಳು ಅಕ್ಕ.

"ಇಲ್ಲ. ಮುಂದಿನ ವಿಮಾನಕ್ಕೆ ಒಬ್ಬನೇ ಹೋಗಿ ಬರ್ತೀನಿ. ನೀವು ತಿಂತಾ ಇರಿ."